ವಾಡಿ ಸ್ಟೇಷನ್ನಿನಲ್ಲಿ ಕೆರೆಯ ನೀರು

ವಾಡಿ ಜಂಕ್ಷನ್ನಿನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಗುಲ್ಬರ್ಗಾ ಕಡೆಯ ಗಾಡಿ ಇನ್ನೂ ಬಂದಿಲ್ಲ. ಕಾಲ ಬಳಿಯ ತಗಡಿನ ಪೆಟ್ಟಿಗೆಯಲ್ಲಿ ಚಿಂಚೋಳಿ ಕಡೆಯ ಕೆರೆಯೊಂದರ ನೀರು ತುಂಬಿದ ಬಾಟಲಿಗಳಿವೆ. ಬೇಸಿಗೆಯ ಕಾವು ವರ್ಷ ವರ್ಷ ಏರಿದಂತೆ ಆ ಕೆರೆಯಲ್ಲಿ ಪಾಚಿ ಏಕೆ ಹೆಚ್ಚುತ್ತಿದೆ ಎಂದು ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ನೋಡಬೇಕು. ಅಲ್ಲಿಗೆ ಮುಟ್ಟುವ ಮೊದಲೇ ನೀರು ಬಿಸಿಯಾದರೆ ಅಲೆದದ್ದೆಲ್ಲ ವ್ಯರ್ಥ. ಬಾಟಲಿಗಳ ಸುತ್ತಲೂ ತುಂಬಿದ್ದ ಬರ್ಫದ ಗಡ್ಡೆ ಸೇಡಂ ದಾಟುವಷ್ಟರಲ್ಲೇ ಕರಗಿತ್ತು.

ಮುಚ್ಚಳ ತೆರೆದು ನೋಡುತ್ತಿದ್ದಾಗ ಪಕ್ಕದಲ್ಲಿ ಕುಳಿತಿದ್ದ ಮುದುಕಿ, "ಯಪ್ಪಾ, ಒಂದು ಗುಟುಕು ನೀರು ಕೊಡ್ರಿ" ಎಂದಳು.

"ಇದು ಕುಡಿಯೋ ನೀರಲ್ಲ ಆಯಿ. ಕೆರಿ ನೀರು, ತಪಾಸ ಮಾಡಲಿಕ್ಕ ಒಯ್ಯಲಿಕತ್ತೀನಿ. ತಣ್ಣಗ ಇರಬೇಕು."

ನಮ್ಮ ಕಡೆ ನೀರು ಕೇಳಿದವರಿಗೆ ಯಾರೂ ಇಲ್ಲವೆನ್ನುವುದಿಲ್ಲ. ನನ್ನ ಮುಖ ಸಣ್ಣದಾಯಿತು. ಆಕೆ ತಂಬಿಗೆ ಹಿಡಿದು ಪ್ಲಾಟ್‌ಫಾರ್ಮಿನ ಆ ತುದಿಯ ನಳದತ್ತ ಹೋದಳು.

ತಿರುಗಿ ಬಂದವಳು ತನ್ನ ಗಂಟಿನಿಂದ ಹಳೆಯ ಸೀರೆಯ ತುಂಡೊಂದನ್ನು ತೆಗೆದು, ತಂಬಿಗೆಯ ನೀರಿನಲ್ಲಿ ತೋಯಿಸಿ, ಬೇಸಿಗೆಯಲ್ಲಿ ಮಣ್ಣಿನ ಕೊಡಕ್ಕೆ ಸುತ್ತುವಂತೆ ನನ್ನ ಪೆಟ್ಟಿಗೆಗೆ ಸುತ್ತಿದಳು. ನನ್ನನ್ನು ಕೇಳಲೂ ಇಲ್ಲ.

"ಇಂಥಾ ಬಿಸಲಾಗ ನೀರಿಗೂ ನೀರಡಿಕಿ ಆಗ್ತದ ನೋಡ್ರಿ" ಎಂದು ನಕ್ಕಳು.

ಒದ್ದೆ ಬಟ್ಟೆಯ ಮೇಲೆ ಗಾಳಿ ಆಡಿತು. ಸ್ವಲ್ಪ ಹೊತ್ತಿನ ಮೇಲೆ ತಗಡನ್ನು ಮುಟ್ಟಿ ನೋಡಿದೆ, ತಣ್ಣಗಿತ್ತು. ನಿರಾಳವಾಗಿ ಮುಖದ ಬೆವರು ಒರೆಸಿಕೊಂಡೆ. ಆಕೆ ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ನನ್ನೆಡೆಗೆ ಚಾಚಿದಳು.

"ಇದು ಕುಡಿಯೋ ನೀರು. ಕುಡೀರಿ."