ಗಾಳಿಗೆ ಎದೆ ಕೊಡುವ ನೀರಕ್ಕ

ಬೆಳಗಿನ ಐದೂಕಾಲು. ಬೀದಿದೀಪ ಇನ್ನೂ ಆರಿಲ್ಲ. ನದಿ ಪಕ್ಕದ ರಸ್ತೆಯಲ್ಲಿ ಎರಡು ಸೈಕಲ್ಲುಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಹೋಗುತ್ತಿವೆ. ಎದುರುಗಾಳಿ ಎಂದರೆ ಎಂಥ ಗಾಳಿ, ನಿಂತವರನ್ನೇ ಒಂದು ಹೆಜ್ಜೆ ಹಿಂದಕ್ಕೆ ದಬ್ಬುತ್ತದೆ. ಮುಂದಿನ ಸೈಕಲ್ಲಿನವರು ತಲೆ ತಗ್ಗಿಸಿ, ಹಲ್ಲು ಕಚ್ಚಿ ತುಳಿಯುತ್ತಿದ್ದಾರೆ. ಹಿಂದಿನವಳು ಆರಾಮಾಗಿ ಬಾಳೆಹಣ್ಣು ಸುಲಿದು ತಿನ್ನುತ್ತಿದ್ದಾಳೆ! ನೋಡುವವರಿಗೆ ಮೈ ಉರಿಯಬೇಕು. ಮುಂದಿನವರಿಗೆ ಮಾತ್ರ ಏನೂ ಅನ್ನಿಸುವುದಿಲ್ಲ, ಅದೇ ಅವರ ಉದ್ಯೋಗ.

ಹಿಂದಿನವಳು ತಂಡದ ನಾಯಕಿ, ಇಪ್ಪತ್ನಾಲ್ಕರ ಹುಡುಗಿ. ಪತ್ರಿಕೆಯಲ್ಲಿ ಫೋಟೊ ಬರುವುದು ಅವಳದ್ದು. ಮುಂದಿನವರಿಗೆ ಮೂವತ್ತಾರು. ಹದಿನಾಲ್ಕು ವರ್ಷದಿಂದ ಸೈಕಲ್ ತುಳಿದೇ ಬದುಕುತ್ತಿರುವ ಇವರನ್ನು ತಂಡದವರೆಲ್ಲ ಕರೆಯುವುದು ನೀರಕ್ಕ ಎಂದು. ರೇಸಿನ ನಡುವೆ ಹಿಂದೆ ಬರುವ ತಂಡದ ಕಾರಿನವರೆಗೂ ಹಿಂದೆ ಸರಿಯುವುದು, ಜೇಬಿಗೆ, ಬೆನ್ನಿಗೆ, ಅಂಗಿಯೊಳಕ್ಕೆ ಒಂಬತ್ತು ನೀರಿನ ಬಾಟಲಿ ತುರುಕಿಕೊಳ್ಳುವುದು, ಆ ಭಾರ ಹೊತ್ತು ಓಡುವ ಗುಂಪನ್ನು ಮತ್ತೆ ಹಿಡಿದು ಎಲ್ಲರಿಗೂ ಹಂಚುವುದು. ಉಳಿದ ಹೊತ್ತೆಲ್ಲ ನಾಯಕಿಯ ಮುಂದೆ ಗಾಳಿಗೆ ಗೋಡೆಯಾಗಿ ಸಾಗುವುದು. ಇಷ್ಟೇ ಕೆಲಸ.

ವರ್ಷಕ್ಕೆ ಇಪ್ಪತ್ತೈದು ಸಾವಿರ ಕಿಲೋಮೀಟರ್. ಈವರೆಗೆ ನಾನೂರ ಮೂವತ್ತೇಳು ರೇಸು. ಎರಡು ಸಲ ಹೆಗಲ ಮೂಳೆ ಮುರಿದಿದೆ. ಗೆದ್ದದ್ದು ಎಷ್ಟು ಎಂದು ಕೇಳಿದರೆ ನೀರಕ್ಕ ಜೋರಾಗಿ ನಗುತ್ತಾರೆ. "ಒಂದೂ ಇಲ್ಲ! ನನ್ನನ್ನ ಇಟ್ಕೊಂಡಿರೋದು ಗೆಲ್ಲೋಕಲ್ಲ. ಗೆಲ್ಲೋಳ ಕಾಲಲ್ಲಿ ಕೊನೇವರೆಗೂ ಶಕ್ತಿ ಉಳಿಸೋಕೆ."

ಇವರ ಮನೆ ತಾಯಿಯ ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗಿನ ಶಾಖಕ್ಕೆ ನೆಲ ಸದಾ ಬೆಚ್ಚಗಿರುತ್ತದೆ. ಗೋಡೆಯ ಮೊಳೆಗೆ ಸೈಕಲ್ ನೇತುಬಿದ್ದಿರುತ್ತದೆ. ಸವಾರಿ ಕಲಿತದ್ದೂ ಇಲ್ಲೇ. ಹನ್ನೆರಡನೇ ವಯಸ್ಸಿಗೆ ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹತ್ತು ಇಸ್ತ್ರಿ ಅಂಗಿ ಹಿಡಿದು, ಒಂದೂ ಮುದುಡದಂತೆ ದಿಣ್ಣೆಯ ಮೇಲಿನ ಮನೆಗಳಿಗೆ ಮುಟ್ಟಿಸುತ್ತಿದ್ದರು. ತಾಯಿ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದೇ ಮಾತಾಡುತ್ತಾರೆ: "ಊರಿಗೆ ಉಪಕಾರಿ, ಮನೆಗೆ ಮಾರಿ ಕಣ್ರೀ ಇವಳು. ಯಾರ್ಯಾರಿಗೋ ನೀರು ಹೊರ್ತಾಳೆ, ಮನೇಲಿ ಒಂದು ಕೊಡ ತುಂಬಿಡು ಅಂದ್ರೆ ಕಾಲು ನೋವು!" ಹೇಳಿ ಮುಗಿಸುವಷ್ಟರಲ್ಲಿ ಮಗಳ ತಟ್ಟೆಗೆ ಇನ್ನೊಂದು ಮೊಟ್ಟೆ ಬಿದ್ದಿರುತ್ತದೆ.

ಇಂಥ ನೀರಕ್ಕ ನಾಲ್ಕು ತಿಂಗಳ ಹಿಂದೆ ಒಂದು ತಪ್ಪು ಮಾಡಿದರು. ಓಡುವ ಕಾರಿನಿಂದ ಬಾಟಲಿ ಕೊಡುವಾಗ ಕೊಟ್ಟವರ ಕೈಯೂ ತೆಗೆದುಕೊಂಡವರ ಕೈಯೂ ಒಂದು ಕ್ಷಣ ಅದರ ಮೇಲಿರುತ್ತವೆ. ಆ ಒಂದು ಕ್ಷಣ ಕಾರು ಸೈಕಲ್ಲನ್ನು ಎಳೆದುಕೊಡುತ್ತದೆ. ಅಷ್ಟಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಆರು ದಿನದ ರೇಸಿನ ಐದನೇ ದಿನ, ಏರುದಾರಿಯಲ್ಲಿ, ಸುಸ್ತಾಗಿದ್ದ ನೀರಕ್ಕ ಬಾಟಲಿ ಬಿಡಲೇ ಇಲ್ಲ. ಒಂದು, ಎರಡು, ಮೂರು... ಆರು ಸೆಕೆಂಡು. ಬೈಕಿನಲ್ಲಿದ್ದ ತೀರ್ಪುಗಾರ ನೋಡಿಬಿಟ್ಟ. ರೇಸಿನಿಂದಲೇ ಹೊರಗೆ! ಮರುದಿನ ನೀರು ತಂದುಕೊಡುವವರಿಲ್ಲದೆ ನಾಯಕಿ ಕೊನೆಯ ಬೆಟ್ಟದಲ್ಲಿ ಬಾಯಾರಿ ಬಳಲಿ, ಹನ್ನೊಂದು ಸೆಕೆಂಡಿನ ಅಂತರದಲ್ಲಿ ಪ್ರಶಸ್ತಿ ಕಳೆದುಕೊಂಡಳು.

"ಮಾಡಿದ್ದುಣ್ಣೋ ಮಹಾರಾಯ ಅಂತ ನಾನು ಉಂಡಿದ್ರೆ ಸರಿ. ನಾನು ಮಾಡಿದ್ದನ್ನ ಅವಳು ಉಂಡಳಲ್ಲ, ಅದು ನುಂಗೋಕಾಗಲ್ಲ" ಎನ್ನುತ್ತಾರೆ ನೀರಕ್ಕ.

ಅದಾದ ಮೇಲೆ ಎರಡು ರೇಸಿನಲ್ಲಿ ಕೈಲಾಗದೆ ಅರ್ಧಕ್ಕೇ ಇಳಿದರು. ಈಗ ಎದುರಿಗಿರುವುದು ಎಂಟು ದಿನದ ರೇಸು, ವರ್ಷದಲ್ಲೇ ದೊಡ್ಡದು. ತಂಡದಲ್ಲಿ ಏಳು ಜನ, ಜಾಗ ಆರು. ಏಳನೆಯವಳಿಗೆ ಇಪ್ಪತ್ತೆರಡು ವರ್ಷ, ಕಾಲು ಚುರುಕು. ಕೋಚ್ ಅಡ್ಡಗೋಡೆ ಮೇಲೆ ದೀಪ ಇಡುವ ಮನುಷ್ಯನಲ್ಲ. "ಭಾನುವಾರದ ರೇಸಲ್ಲಿ ಹೊತ್ತು ಮೀರೋದ್ರೊಳಗೆ ಗುರಿ ಮುಟ್ಟಿ. ಮುಟ್ಟಿದ್ರೆ ನೀವು, ಇಲ್ಲಾಂದ್ರೆ ಅವಳು" ಎಂದುಬಿಟ್ಟರು. ಗೆದ್ದವಳು ಮುಟ್ಟಿದ ಹದಿನೆಂಟು ನಿಮಿಷದೊಳಗೆ ಬಂದವರದ್ದಷ್ಟೇ ಅಲ್ಲಿ ಲೆಕ್ಕ.

ಭಾನುವಾರ. ನೂರ ನಲವತ್ತು ಕಿಲೋಮೀಟರ್ ದಾರಿ. ತೊಂಬತ್ತರ ತನಕ ಎಲ್ಲ ಸುಸೂತ್ರ. ನೀರಕ್ಕ ಮೂರು ಸಲ ನೀರು ತಂದಾಗಿದೆ, ಗಾಳಿ ತಡೆದಾಗಿದೆ. ಅಷ್ಟರಲ್ಲಿ ನಾಯಕಿಯ ಸೈಕಲ್ಲಿನ ಹಿಂದಿನ ಗಾಲಿ ಗುಂಡಿಗೆ ಬಿದ್ದು ಅಂಚೇ ಒಡೆಯುತ್ತದೆ. ಕಿರಿದಾದ ರಸ್ತೆ, ತಂಡದ ಕಾರು ಎಲ್ಲೋ ಹಿಂದೆ ಸಿಕ್ಕಿಕೊಂಡಿದೆ. ನಾಯಕಿ ಕಣ್ಣು ತುಂಬಿಕೊಂಡು ನೀರಕ್ಕನ ಮುಖ ನೋಡುತ್ತಾಳೆ. ಬಾಯಿ ಬಿಟ್ಟು ಕೇಳುವುದಿಲ್ಲ. ಏನು ಕೇಳಿದ ಹಾಗಾಗುತ್ತದೆ ಎಂದು ಅವಳಿಗೂ ಗೊತ್ತು.

ನೀರಕ್ಕ ಆಗಲೇ ಇಳಿದು ತಮ್ಮ ಸೈಕಲ್ ಮುಂದೊಡ್ಡಿದ್ದಾರೆ. "ಏನೇ ನೋಡ್ತಾ ನಿಂತಿದ್ದೀಯ? ಹತ್ತು!"

"ಅಕ್ಕಾ, ನಿಮ್ಮ ಜಾಗ..."

"ಅದು ನನ್ನ ತಲೆನೋವು. ಹೊರಡು!"

ಆ ಸೈಕಲ್ ನಾಯಕಿಗೆ ಅಳತೆ ತೆಗೆದು ಹೊಲಿಸಿದಂತೆ ಕೂರುತ್ತದೆ. ಕೂರದೆ ಏನು? ಸೀಟನ್ನು ತಮ್ಮ ಕಾಲಿಗೆ ಬೇಕಾದ್ದಕ್ಕಿಂತ ಒಂದು ಬೆರಳು ಇಳಿಸಿಕೊಂಡು, ನಾಯಕಿಯ ಅಳತೆಗೇ ಇಟ್ಟು ಎರಡು ವರ್ಷದಿಂದ ತುಳಿಯುತ್ತಿದ್ದಾರೆ ನೀರಕ್ಕ, ಇಂಥದ್ದೊಂದು ಗಳಿಗೆ ಬಂದರೆ ಇರಲಿ ಎಂದು. ಮಂಡಿನೋವು ಅದರ ಕೊಡುಗೆ.

ಕಾರು ಬಂದು ಗಾಲಿ ಬದಲಾಗುವ ಹೊತ್ತಿಗೆ ಐದು ನಿಮಿಷ ಹೋಗಿದೆ. ಗುಂಪಿನ ಸುಳಿವಿಲ್ಲ. ಕಾರಿನ ಕಿಟಕಿಯಿಂದ ಮೆಕ್ಯಾನಿಕ್ ಬಾಟಲಿ ಚಾಚುತ್ತಾನೆ, ಬಿಡುವುದಿಲ್ಲ. "ಗಟ್ಟಿಯಾಗಿ ಹಿಡ್ಕೊಳಿ ಅಕ್ಕ, ಇಲ್ಲಿ ಯಾವ ತೀರ್ಪುಗಾರನೂ ಇಲ್ಲ. ಈ ದಿಣ್ಣೆ ಒಂದು ದಾಟಿಸ್ತೀನಿ." ಪಾಪ, ಅವನದ್ದು ಒಳ್ಳೆಯ ಮನಸ್ಸೇ.

"ಕೈ ಬಿಡಪ್ಪಾ!" ಎಂದು ಕಿರುಚಿ ಬಾಟಲಿ ಕಿತ್ತುಕೊಳ್ಳುತ್ತಾರೆ ನೀರಕ್ಕ. ನಾಯಕಿಗೆ ಬೇಕಾಗುತ್ತದೆಂದು ಕಾರನ್ನೂ ಮುಂದಕ್ಕೆ ಅಟ್ಟುತ್ತಾರೆ.

ಮುಂದೆ ಐವತ್ತು ಕಿಲೋಮೀಟರ್ ಒಬ್ಬರೇ. ಎದುರಿಗೆ ಗಾಳಿ ತಡೆಯಲು ಒಂದು ನರಪಿಳ್ಳೆಯೂ ಇಲ್ಲ. ಎರಡು ಬೆಟ್ಟ ಹತ್ತಬೇಕು. ಮೊದಲನೆಯದರಲ್ಲಿ ಜೀವ ಬಾಯಿಗೆ ಬರುತ್ತದೆ. ಎರಡನೆಯದರಲ್ಲಿ ವಾಂತಿ. ಬಾಯಿ ಒರೆಸಿಕೊಂಡು ಮತ್ತೆ ತುಳಿಯುತ್ತಾರೆ. "ಸೈಕಲ್ ಆ ಕಡೆ ಎಸೆದು ಮಲಗಿಬಿಡೋಣ ಅನ್ನಿಸ್ತು. ಇನ್ನೊಂದು ಲೈಟ್ ಕಂಬ, ಇನ್ನೊಂದು ಕಂಬ ಅಂತ ನನಗೆ ನಾನೇ ಸುಳ್ಳು ಹೇಳ್ಕೊಂಡು ಬಂದೆ."

ಗುರಿಯ ಹತ್ತಿರ ಕುರ್ಚಿ ಮಡಚಿ ಲಾರಿಗೆ ತುಂಬುತ್ತಿದ್ದಾರೆ. ನಾಯಕಿ ಮೂರನೆಯವಳಾಗಿ ಬಂದು ಆಗಲೇ ಪದಕ ಹಾಕಿಕೊಂಡಿದ್ದಾಳೆ, ಆದರೆ ಬಟ್ಟೆ ಬದಲಾಯಿಸಿಲ್ಲ, ಕಬ್ಬಿಣದ ಬೇಲಿಗೆ ಎದೆ ಒತ್ತಿ "ಬನ್ನಿ ಅಕ್ಕಾ, ಬನ್ನೀ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದಾಳೆ. ನೀರಕ್ಕ ಗೆರೆ ದಾಟಿದಾಗ ಗಡಿಯಾರ ಹದಿನೇಳು ನಿಮಿಷ, ಹತ್ತೊಂಬತ್ತು ಸೆಕೆಂಡು ತೋರಿಸುತ್ತದೆ. ಕೋಚ್ ತಮ್ಮ ಕೋಟು ಬಿಚ್ಚಿ ಅವರ ಹೆಗಲಿಗೆ ಹೊದಿಸುತ್ತಾರೆ.

ಫೋನಿನಲ್ಲಿ ತಾಯಿ. "ಎಷ್ಟನೆಯವಳಾಗಿ ಬಂದೆ?"

"ನೂರ ಹದಿನಾರು."

"ಎಷ್ಟು ಜನದಲ್ಲಿ?"

"ನೂರ ಹದಿನಾರರಲ್ಲಿ."

ಆ ಕಡೆ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ ಸದ್ದು. "ಆಯ್ತು ಬಿಡು. ಬಂದೆ ತಾನೆ."

ಮಂಗಳವಾರ ವರ್ಕ್‌ಶಾಪಿನ ಬಾಗಿಲಿಗೆ ಪಟ್ಟಿ ಅಂಟಿಸಿದ್ದಾರೆ. ಆರನೆಯ ಹೆಸರು ನೀರಕ್ಕನದು. ಜಾಗ ಸಿಗದ ಹುಡುಗಿಯ ಬಗ್ಗೆ ಕೇಳಿದರೆ ಮಾತು ತೇಲಿಸುವುದಿಲ್ಲ. "ಬೇಜಾರಾಯ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅವಳಿಗಿನ್ನೂ ಹತ್ತು ವರ್ಷ ಇದೆ. ನನಗಿರೋದು ಈ ಎಂಟು ದಿನ. ಬಿಟ್ಟುಕೊಡಲ್ಲ."

ಇನ್ನೇನು ಆಸೆ ಎಂದರೆ ಸ್ವಲ್ಪ ಹೊತ್ತು ಮಂಡಿ ತಿಕ್ಕಿಕೊಳ್ಳುತ್ತಾರೆ.

"ಎಂಟೂ ದಿನ ತುಳೀಬೇಕು. ಕೊನೇ ದಿನ ಅವಳು ವೇದಿಕೆ ಹತ್ತೋವಾಗ ನಾನು ಕೆಳಗೆ ಅದೇ ಧೂಳು ಮೈಯಲ್ಲಿ ನಿಂತಿರಬೇಕು. ಆ ಗೆಲುವಲ್ಲಿ ಅರ್ಧ ನಂದು ಅಂತ ಯಾರಿಗೂ ಹೇಳೋಕೆ ಹೋಗಲ್ಲ. ಅವಳಿಗೆ ಗೊತ್ತಿರುತ್ತೆ, ನನಗೆ ಗೊತ್ತಿರುತ್ತೆ. ಸಾಕು."