ಹತ್ತು ಲಕ್ಷದಾಚೆಯ ಒಂದು ಸಂಖ್ಯೆ ಮತ್ತು ದೊರೆಸ್ವಾಮಿಯವರು

ಮೈಸೂರಿನಲ್ಲಿ ಗಣಿತವನ್ನು ಓದಿದವರಲ್ಲಿ, ಅದರಲ್ಲೂ ಪೂರ್ಣಾಂಕಗಳ ಗುಣಸ್ವಭಾವಗಳಲ್ಲಿ ಆಸಕ್ತಿಯಿರಿಸಿಕೊಂಡವರಲ್ಲಿ, ಶ್ರೀ ದೊರೆಸ್ವಾಮಿಯವರಿಂದ ಉಪಕೃತರಾಗದವರು ವಿರಳ. 1947ರಲ್ಲಿ ಕಾಲೇಜಿಗೆ ಅಧ್ಯಾಪಕರಾಗಿ ಬಂದು, ಈ 1965ರಲ್ಲಿ ನಿವೃತ್ತರಾಗುತ್ತಿರುವ ಅವರ ಸೇವೆಯಲ್ಲಿ ಒಂದು ದಿನವನ್ನು ಸಹೋದ್ಯೋಗಿಗಳು ಇಂದಿಗೂ ಮರೆತಿಲ್ಲ.

ಕೆಲಸಕ್ಕೆ ಸೇರಿದ ಮರುವರ್ಷವೇ ಅವರು ಹತ್ತು ಲಕ್ಷದಾಚೆಗಿನ ಹತ್ತು ಸಾವಿರ ಸಂಖ್ಯೆಗಳನ್ನು ವರ್ಗೀಕರಿಸಲು ತೊಡಗಿದರು: ತನ್ನಿಂದಲೂ ಒಂದರಿಂದಲೂ ಮಾತ್ರ ಭಾಗವಾಗುವ ಅವಿಭಾಜ್ಯ ಯಾವುದು, ಅಲ್ಲದಿದ್ದರೆ ಅದರ ಅಪವರ್ತನಗಳು ಯಾವುವು. ಏಳು ವರ್ಷ ಹಿಡಿಯಿತು. 1955ರಲ್ಲಿ ಪುಸ್ತಕ ಅಚ್ಚಾಯಿತು. ಬಿಡುಗಡೆಯ ದಿನ ಬಂತು; ಸಮಾರಂಭ ಸಂಜೆ ನಾಲ್ಕಕ್ಕೆ.

ಅಂದು ಹನ್ನೊಂದು ಗಂಟೆಗೆ, ಕೆಸರೆಯ ಬೇಸಾಯಗಾರ ಚಿಕ್ಕಣ್ಣನವರ ಮಗಳು, ಬಿ.ಎಸ್‌ಸಿ. ವಿದ್ಯಾರ್ಥಿನಿ ಪುಟ್ಟತಾಯಮ್ಮ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತಳು. ಸಮಾರಂಭಕ್ಕೆ ಜೋಡಿಸಿಡಲು ತಂದಿದ್ದ ಪುಸ್ತಕಗಳಲ್ಲೊಂದು ಅವಳ ಕೈಯಲ್ಲಿತ್ತು.

"ಸಾರ್, ಇದ್ರಲ್ಲಿ 10,05,973 ಅವಿಭಾಜ್ಯ ಅಂತಿದೆ, ಅಲ್ಲ ಅನ್ಸುತ್ತೆ. 958ರ ವರ್ಗಕ್ಕೆ 297ರ ವರ್ಗ ಕೂಡಿದ್ರೂ ಬರುತ್ತೆ, 778ಕ್ಕೂ 633ಕ್ಕೂ ಹಂಗೇ ಮಾಡಿದ್ರೂ ಬರುತ್ತೆ. ಅವಿಭಾಜ್ಯ ಆಗಿದ್ರೆ ಎರಡು ಥರ ಬರಲ್ಲ ಅಂತ ನೀವೇ ಹೇಳ್ಕೊಟ್ಟಿದ್ರಿ."

ಸಮಾರಂಭದ ಹೊಣೆ ಹೊತ್ತಿದ್ದ ಸಹೋದ್ಯೋಗಿ ಲಕ್ಷ್ಮೀನರಸಿಂಹ ಸಿಡುಕಿದರು. "ಯಾವುದರಿಂದ ಭಾಗ ಹೋಗುತ್ತೆ? ತೋರ್ಸು ನೋಡೋಣ."

"709ರ ತನಕ ನೋಡ್ದೆ ಸಾರ್. ಹೋಗ್ಲಿಲ್ಲ."

ದೊರೆಸ್ವಾಮಿಯವರು ವರ್ಗಗಳನ್ನು ಎರಡೆರಡಾಗಿ ಕೂಡಿ ನೋಡಿದರು. ಹುಡುಗಿಯ ಲೆಕ್ಕ ಸರಿಯಿತ್ತು. ಆದರೂ ಕಣ್ಣಾರೆ ಕಾಣಬೇಕೆಂದು ಭಾಗಾಕಾರಕ್ಕೆ ಕುಳಿತರು. ಸಂಖ್ಯೆಯ ವರ್ಗಮೂಲ 1003ಕ್ಕಿಂತ ಕಡಿಮೆಯಾದ್ದರಿಂದ ಪರೀಕ್ಷಿಸಲು ಇನ್ನು ನಲವತ್ತೊಂದು ಅವಿಭಾಜ್ಯಗಳಷ್ಟೇ ಉಳಿದಿದ್ದವು. 719, ಇಲ್ಲ. 727, ಇಲ್ಲ. ಊಟದ ಗಂಟೆ ಹೊಡೆಯಿತು, ಯಾರೂ ಏಳಲಿಲ್ಲ. 983 ಹೋಗಲಿಲ್ಲ, 991 ಹೋಗಲಿಲ್ಲ. ಕೊನೆಯದು 997. ಶೇಷ ಸೊನ್ನೆ, ಭಾಗಲಬ್ಧ 1009.

ಹಳೆಯ ಟಿಪ್ಪಣಿ ಪುಸ್ತಕ ತೆರೆದರು. ಆರು ವರ್ಷದ ಹಿಂದೆ, 997ರಿಂದ ಭಾಗಿಸಿ ಕಳೆಯುವಾಗ 8973 ಎಂದು ಬರೆಯಬೇಕಾದಲ್ಲಿ ಅವರದೇ ಕೈ 8983 ಎಂದು ಬರೆದು, ಇಲ್ಲದ ಶೇಷವನ್ನು ಉಳಿಸಿತ್ತು.

"ಯಾರಿಗೂ ಗೊತ್ತಾಗಲ್ಲ ಕಣ್ರೀ," ಎಂದರು ಲಕ್ಷ್ಮೀನರಸಿಂಹ, ದನಿ ತಗ್ಗಿಸಿ. "ಆಮೇಲೆ ತಿದ್ದುಪಡಿ ಚೀಟಿ ಅಂಟಿಸಿದ್ರಾಯ್ತು."

"ಇಂಥವು ಇನ್ನೆಷ್ಟಿವೆಯೋ ನನಗೇ ಗೊತ್ತಿಲ್ಲ. ಓದೋರ ಕೈಗೆ ಯಾವ ಧೈರ್ಯದ ಮೇಲೆ ಕೊಡ್ಲಿ?"

ನಾಲ್ಕು ಗಂಟೆಗೆ, ಅತಿಥಿಗಳೆಲ್ಲ ಕುಳಿತಿದ್ದ ಸಭೆಯಲ್ಲಿ, ಅವರು ಎದ್ದು ನಿಂತು ತಮ್ಮ ತಪ್ಪನ್ನು ಹೇಳಿ, ಕಂಡುಹಿಡಿದವಳ ಹೆಸರನ್ನೂ ಹೇಳಿ, ಪುಸ್ತಕ ಬಿಡುಗಡೆಯಾಗುವುದಿಲ್ಲವೆಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ವರ್ಷ ಬರಬೇಕಿದ್ದ ಬಡ್ತಿಯೂ ಬರಲಿಲ್ಲ.

ಸುದ್ದಿ ಕೇಳಿ ಚಿಕ್ಕಣ್ಣನವರು ಹೆದರಿ ಮಗಳನ್ನು ಕಾಲೇಜು ಬಿಡಿಸಿದರು. ಮೂರನೆಯ ದಿನ ದೊರೆಸ್ವಾಮಿಯವರೇ ಕೆಸರೆಗೆ ನಡೆದು ಹೋದರು.

"ತಪ್ಪಾಗ್ಬುಡ್ತು ಬುದ್ಧಿ, ಮೇಷ್ಟ್ರಿಗೇ ಎದುರು ಮಾತಾಡವ್ಳೆ," ಎಂದು ಚಿಕ್ಕಣ್ಣನವರು ಕೈಮುಗಿದರು.

"ತಪ್ಪು ನಂದು ಚಿಕ್ಕಣ್ಣನವರೇ. ನಿಮ್ಮ ಮಗಳು ನನ್ನ ಮರ್ಯಾದೆ ಉಳಿಸಿದ್ದಾಳೆ. ನಾಳೆಯಿಂದ ಕಳಿಸಿಕೊಡಿ."

ಹತ್ತು ಸಾವಿರ ಸಂಖ್ಯೆಗಳನ್ನೂ ಮತ್ತೆ ಪರೀಕ್ಷಿಸಲು ಮೂರು ವರ್ಷವಾಯಿತು. ಇನ್ನೆರಡು ತಪ್ಪುಗಳು ಸಿಕ್ಕವು. 1958ರಲ್ಲಿ ಹೊರಬಂದ ಪುಸ್ತಕದ ಮುನ್ನುಡಿಯ ಮೊದಲ ವಾಕ್ಯವೇ ಪುಟ್ಟತಾಯಮ್ಮನವರ ಹೆಸರಿನಿಂದ ಆರಂಭವಾಗುತ್ತದೆ. ಇಂದು ಅವರು ಅದೇ ವಿಭಾಗದಲ್ಲಿ ಅಧ್ಯಾಪಕಿ.

ದೊರೆಸ್ವಾಮಿಯವರು ಈಗ ಮುಂದಿನ ಹತ್ತು ಸಾವಿರ ಸಂಖ್ಯೆಗಳಿಗೆ ಕೈಹಾಕಿದ್ದಾರೆ. ಪುಟ ಮುಗಿದಂತೆಲ್ಲ ತಿದ್ದಲು ಶಿಷ್ಯೆಗೆ ಕಳಿಸುತ್ತಾರೆ. ಆ ಪುಟಗಳು ಬರುತ್ತಲೇ ಇರಲಿ. ತಿದ್ದುವ ಕಣ್ಣೂ, ತಿದ್ದಿಸಿಕೊಳ್ಳುವ ಆ ದೊಡ್ಡ ಮನಸ್ಸೂ ನೂರು ಕಾಲ ಬಾಳಲಿ.