ಕಾದಿಸ್ ನೋಡಿ ಬಂದ ಆಯಮ್ಮ

ಆಯಮ್ಮ ಕೈ ಹಿಡಿದಳೆಂದರೆ ನನ್ನ ಮಣಿಕಟ್ಟಿನ ಮೇಲೆ ಅವಳ ಐದು ಬೆರಳೂ ಕೆಂಪಗೆ ಮೂಡುತ್ತಿದ್ದವು. ಗೋಣಿಕೊಪ್ಪಲಿನ ಸಂತೆಯಲ್ಲಂತೂ ಬಿಡುಗಡೆಯೇ ಇಲ್ಲ. ಕೈ ಬೆವರಿ ಜಾರಿದರೆ ಸೆರಗಿನ ತುದಿಯನ್ನು ನನ್ನ ಕೈಗೆ ಗಂಟು ಹಾಕಿಬಿಡುತ್ತಿದ್ದಳು. ಹತ್ತು ವರ್ಷದ ನನಗೆ ನಾಚಿಕೆಯಿಂದ ಸಾಯುವಂತಾಗುತ್ತಿತ್ತು.

ನನ್ನಪ್ಪ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಹುಟ್ಟುತ್ತಲೇ ಅಮ್ಮನನ್ನು ಕಳೆದುಕೊಂಡ ನನ್ನನ್ನು ಸಾಕಿದವಳು ಆಯಮ್ಮ. ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ ಅದು. ಅದಕ್ಕೂ ಎಷ್ಟೋ ಮೊದಲು ಅವಳು ಎಸ್ಟೇಟಿನ ಬಿಳಿಯ ದೊರೆಯ ಮಗುವನ್ನು ನೋಡಿಕೊಳ್ಳಲು ಹಡಗು ಹತ್ತಿ ವಿಲಾಯತಿಗೆ ಹೊರಟಿದ್ದಳು. ಯಂತ್ರ ಕೆಟ್ಟು ಹಡಗು ಸ್ಪೇನಿನ ಕಾದಿಸ್ ಎಂಬ ಹಳೆಯ ಬಂದರಿನಲ್ಲಿ ನಿಂತಿತಂತೆ. ದೊರೆ, ದೊರೆಸಾನಿ ಊರು ನೋಡಲು ಇಳಿದರು. ಹಿಂದೆ ಮಗುವಿನ ಕೈ ಹಿಡಿದು ಆಯಮ್ಮ.

"ಸುತ್ತ ಸಮುದ್ರ ಮಗಾ. ಎದುರು ಯಾರಾದ್ರೂ ಬಂದ್ರೆ ಗೋಡೆಗೆ ಒತ್ತಿ ನಿಲ್ಬೇಕು, ಅಂಥ ಓಣಿ. ಆಮೇಲೆ ದೊಡ್ಡ ಇಗರ್ಜಿ, ಅದರ ಮೇಲೆ ಹಳದಿ ಗುಮ್ಮಟ. ಕುತ್ತಿಗೆ ಎತ್ತಿ ನೋಡಿದೆ. ಎಂತ ಚಂದ ಅಂತೀಯ! ಕೆಳಗೆ ನೋಡುವಾಗ ಕೈಯಲ್ಲಿ ಮಗು ಇಲ್ಲ."

ದೊರೆಗಳು ಆಗಲೇ ಗೋಪುರ ಹತ್ತಿ ಹೋಗಿದ್ದರು. ಓಣಿ ಓಣಿ ಓಡಿದವಳನ್ನು ಪೋಲೀಸನೊಬ್ಬ ತಡೆದು ಕೈಸನ್ನೆಯಲ್ಲೇ ಹೆಸರು ಕೇಳಿದ. ಮಗುವಿನ ಹೆಸರು ಅವಳಿಗೆ ಗೊತ್ತಿರಲಿಲ್ಲ. ದೊರೆ ಮನೆಯವರ ಹೆಸರನ್ನು ಎಸ್ಟೇಟಿನಲ್ಲಿ ಯಾರೂ ಬಾಯಿಗೆ ತರುತ್ತಿರಲಿಲ್ಲ, ಕೇಳುವುದೇ ಅಧಿಕಪ್ರಸಂಗ. ದೊರೆಸಾನಿಯೂ ಮಗುವನ್ನು 'ಬೇಬಿ' ಎಂದಷ್ಟೇ ಕರೆಯುತ್ತಿದ್ದಳಂತೆ. "ಚಿಕ್ಕದೊರೆ, ಚಿಕ್ಕದೊರೆ" ಎಂದು ಅಳುತ್ತಾ ಕೂಗಿದಳು. ಆ ಊರಿನಲ್ಲಿ ಯಾರಿಗೆ ತಿಳಿಯಬೇಕು? ಸಂಜೆ ಮೀನು ಮಾರುವ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ಬಂದಳಂತೆ. ಆಯಮ್ಮನನ್ನು ಮುಂದಿನ ಹಡಗಿನಲ್ಲೇ ವಾಪಸು ಕಳಿಸಿದರು.

"ಸಾಕಿದ ಮಗುವಿನ ಹೆಸರೇ ಗೊತ್ತಿರ್ಲಿಲ್ವಾ ನಿಂಗೆ?" ಎಂದು ನಾನು ಬಿದ್ದು ಬಿದ್ದು ನಕ್ಕಿದ್ದೆ.

"ಅದೆಲ್ಲ ಕೇಳ್ಲಿಕ್ಕೆ ಉಂಟಾ ಮಗಾ?" ಎಂದಳು, ಬೇಸರವಿಲ್ಲದೆ.

ನನಗೆ ಹದಿಮೂರು ತುಂಬಿದ ವರ್ಷ ಅವಳಿಗೆ ಜ್ವರ ತಲೆಗೇರಿತು. ಅಪ್ಪ ಕೆಲಸದ ಮೇಲೆ ಕುಟ್ಟಕ್ಕೆ ಹೋಗಿದ್ದರು. ಎಸ್ಟೇಟಿನ ಲಾರಿಯಲ್ಲಿ ಅವಳನ್ನು ಮಲಗಿಸಿಕೊಂಡು ನಾನೇ ಆಸ್ಪತ್ರೆಗೆ ಕರೆದೊಯ್ದೆ. ಚೀಟಿ ಬರೆಯುವವರು ತಲೆಯೆತ್ತದೆ ಕೇಳಿದರು:

"ಹೆಸರು?"

"ಆಯಮ್ಮ."

"ಅದು ಕೆಲಸ ಅಲ್ವಾ? ಹೆಸರು ಹೇಳಮ್ಮ."

ತಿರುಗಿ ನೋಡಿದೆ. ಬೆಂಚಿನ ಮೇಲೆ ಮಲಗಿದ್ದವಳ ಕಣ್ಣು ತೆರೆದಿತ್ತು, ಮಾತು ನಿಂತಿತ್ತು. ಬಗ್ಗಿ, "ಆಯಮ್ಮಾ, ನಿನ್ನ ಹೆಸರೆಂತ?" ಎಂದು ಕಿವಿಯಲ್ಲಿ ಕೇಳಿದೆ. ಎರಡು ಸಲ ಕೇಳಿದೆ. ತುಟಿ ಅಲುಗಿತೇ ಹೊರತು ಸ್ವರ ಬರಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಅವರು ನನ್ನ ಮುಖ ನೋಡಿ, 'ಹೆಂಗಸು, ಎಸ್ಟೇಟ್' ಎಂದಷ್ಟೇ ಬರೆದು ಚೀಟಿ ಕೊಟ್ಟರು.

ಮೂರನೆಯ ದಿನ ಅವಳು ತೀರಿಕೊಂಡಳು. ಅಪ್ಪನನ್ನು ಕೇಳಿದೆ, ಕೂಲಿಯವರ ಲೈನುಮನೆಗಳ ಮುದುಕಿಯರನ್ನು ಕೇಳಿದೆ. ಹುಡುಗಿಯಾಗಿದ್ದಾಗಲೇ ದೊರೆಯ ಬಂಗಲೆಗೆ ಬಂದವಳು. ಎಲ್ಲರಿಗೂ ಅವಳು ಆಯಮ್ಮನೇ. ಚಿಕ್ಕದೊರೆಯ ಹೆಸರು ಕೇಳಲು ಅವಳಿಗೆ ಹೆದರಿಕೆಯಿತ್ತು. ನನ್ನನ್ನು ತಡೆದವರು ಯಾರೂ ಇರಲಿಲ್ಲ. ಹದಿಮೂರು ವರ್ಷ ಅವಳ ಮಡಿಲಲ್ಲೇ ಬೆಳೆದೆ. ಕೇಳಬೇಕೆಂದು ಒಮ್ಮೆಯೂ ಅನ್ನಿಸಿರಲಿಲ್ಲ.